ಎರಡನೆಯ ಪ್ರತಿ ಎಲ್ಲಿದೆ?

ಕಳೆದ ಶ್ರಾವಣಮಾಸದಲ್ಲಿ ಬೈಲಹೊಂಗಲದಲ್ಲಿ ನಮ್ಮ ಪ್ರವಚನ ನಡೆದಿತ್ತು. ಒಂದು ರಾತ್ರಿ ಮಂಗಲವಾಗಿ ಪ್ರಸಾದಕ್ಕೆ ಕುಳಿತಿದ್ದಾಗ ಬಹುಕಾಲದ ಪರಿಚಯದ ಹತ್ತಿ ವ್ಯಾಪಾರಿಯೊಬ್ಬರು ಬಂದು ಪಕ್ಕದಲ್ಲಿ ಕುಳಿತರು. ಅವರ ಮುಖ ಬಾಡಿತ್ತು. ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಏನೆಂದು ವಿಚಾರಿಸಲಾಗಿ, "ಶಾಸ್ತ್ರಿಗಳ, ಅಂಗಡಿ ಕಂಪ್ಯೂಟರ್ ಸತ್ತ ಹೋತ್ರಿ. ಮೂರು ವರ್ಷದ ಲೆಕ್ಕ ಅದರಾಗ ಇತ್ತು" ಎಂದರು. ಪ್ರತಿ ಇಟ್ಟಿರಲಿಲ್ಲವೇ ಎಂದು ಕೇಳಿದೆವು. "ಇಟ್ಟಿದ್ವಿರಿ. ನಮ್ಮ ಹುಡುಗ ದಿನಾ ಸಂಜಿಕೆ ಬ್ಯಾಕಪ್ ತಗೊಂಡು ಡಿ ಡ್ರೈವಿನಾಗ ಹಾಕತಿದ್ದ. ಅದೂ ಹೋತು" ಎಂದು ಕೈಚೆಲ್ಲಿದರು.

ಇದು ಅವರೊಬ್ಬರ ತಪ್ಪು ತಿಳಿವಳಿಕೆಯಲ್ಲ. ಕಂಪ್ಯೂಟರಿನಲ್ಲಿ ಕಾಣುವ ಸಿ ಡ್ರೈವು, ಡಿ ಡ್ರೈವು ಬಹುಮಟ್ಟಿಗೆ ಒಂದೇ ಡಿಸ್ಕಿನ ಎರಡು ಪಾಲುಗಳು. ಒಂದೇ ಹಗೇವಿನ ನಡುವೆ ತಟ್ಟಿ ನಿಲ್ಲಿಸಿ ಎರಡು ಹಗೇವು ಎಂದು ಎಣಿಸಿದಂತೆ. ನೀರು ಹೊಕ್ಕರೆ ಎರಡೂ ಕಡೆಯ ಜೋಳ ಕೊಳೆಯುತ್ತದೆ. ಹಾರ್ಡ್ ಡಿಸ್ಕಿನೊಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತವೆ. ಅವನ್ನು ಓದುವ ಮುಳ್ಳು ಕೂದಲೆಳೆಗಿಂತಲೂ ಎಷ್ಟೋ ಕಿರಿದಾದ ಅಂತರದಲ್ಲಿ ತಟ್ಟೆಯ ಮೇಲೆ ತೇಲುತ್ತದೆ. ಅದು ಒಮ್ಮೆ ತಟ್ಟೆಗೆ ತಗುಲಿದರೆ ಸಿ ಎಂದೂ ನೋಡದು, ಡಿ ಎಂದೂ ನೋಡದು. ಈಗ ಬರುವ ಎಸ್‌ಎಸ್‌ಡಿ ಎಂಬ ಬಗೆಯಲ್ಲಿ ತಿರುಗುವ ಭಾಗಗಳಿಲ್ಲವಾದರೂ ಅದು ಸಾಯುವಾಗ ಕೆಮ್ಮು ನೆಗಡಿಯ ಮುನ್ಸೂಚನೆಯನ್ನೂ ಕೊಡದೆ ಸಾಯುವುದುಂಟು.

ವಚನ ವ್ಯಾಖ್ಯಾನ ಬಿಟ್ಟು ಶಾಸ್ತ್ರಿಗಳು ಕಂಪ್ಯೂಟರಿಗೆ ಇಳಿದರೇ ಎಂದು ಓದುಗ ಬಂಧುಗಳು ಹುಬ್ಬೇರಿಸಬಾರದು. ಪ್ರತಿ ಮಾಡುವುದು ನಮ್ಮ ಮಠಗಳ ಪ್ರಾಚೀನ ಕಾಯಕ. ನಾವು ಮಠದಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ಹಿರಿಯ ಶ್ರೀಗಳು ಓಲೆಗರಿಯ ಕಟ್ಟೊಂದನ್ನು ಬಿಚ್ಚಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿಸಿ, ಕಾಗದದ ಮೇಲೆ ಪ್ರತಿ ಮಾಡಲು ನಮ್ಮನ್ನು ಕೂರಿಸುತ್ತಿದ್ದರು. ಗರಿಗೆ ಹುಳು ಬೀಳುತ್ತದೆ, ಅಂಚು ಮುರಿಯುತ್ತದೆ, ದಾರದ ರಂಧ್ರ ಹಿಗ್ಗಿ ಅಕ್ಷರವನ್ನೇ ನುಂಗುತ್ತದೆ. ಆದುದರಿಂದ ಒಂದೆರಡು ತಲೆಮಾರಿಗೊಮ್ಮೆ ಹೊಸ ಗರಿಗೆ ಇಳಿಸುವುದೇ ಗ್ರಂಥರಕ್ಷಣೆಯ ಏಕೈಕ ಮಾರ್ಗವಾಗಿತ್ತು. ಹನ್ನೆರಡನೆಯ ಶತಮಾನದ ಶರಣರ ಕೈಬರಹದ ಗರಿಯೊಂದೂ ನಮಗೆ ದೊರೆತಿಲ್ಲ. ಇಂದು ನಾವು ಓದುವುದೆಲ್ಲ ಪ್ರತಿಯ ಪ್ರತಿಯ ಪ್ರತಿ.

ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಯ ದಾರಿ ಹಿಡಿದಾಗ ಈ ಮಲಪ್ರಭೆಯ ಸೀಮೆಯನ್ನೇ ಹಾದು ಹೋದರೆಂಬುದು ಜನಶ್ರುತಿ. ಕಿತ್ತೂರಿಗೆ ಸಮೀಪದ ಕಾದರವಳ್ಳಿಯಲ್ಲಿ ಯುದ್ಧವಾಯಿತೆಂದೂ, ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿ ಗಂಗಾಂಬಿಕೆಯವರು ಐಕ್ಯರಾದರೆಂದೂ ನಮ್ಮ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ. ವಚನಗಳ ಕಟ್ಟನ್ನು ಹೊತ್ತು ನಡೆದರೆಂಬ ಆ ಕಥನದಲ್ಲಿ ಒಂದು ಸಂಗತಿ ನಮ್ಮನ್ನು ಸದಾ ಯೋಚನೆಗೆ ಹಚ್ಚುತ್ತದೆ. ಎಲ್ಲ ಕಟ್ಟುಗಳೂ ಒಂದೇ ಹೆಗಲ ಮೇಲೆ ಇದ್ದಿದ್ದರೆ? ಮುಂದೆ ಪ್ರೌಢದೇವರಾಯನ ಕಾಲಕ್ಕೂ ಅನಂತರಕ್ಕೂ ವಿರಕ್ತರು ಊರೂರಿನಿಂದ ವಚನಗಳನ್ನು ಕಲೆಹಾಕಿ ಕಟ್ಟಿದರು. ಶೂನ್ಯಸಂಪಾದನೆಯೇ ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರ ಕೈಯಲ್ಲಿ ನಾಲ್ಕು ರೂಪ ತಾಳಿತು. ಚದುರಿ ಹಲವೆಡೆ ಇದ್ದುದರಿಂದಲೇ ಕಲೆಹಾಕಲು ಏನಾದರೂ ಉಳಿದಿತ್ತು.

ಫ.ಗು. ಹಳಕಟ್ಟಿಯವರ ಶ್ರಮವನ್ನು ಈ ದೃಷ್ಟಿಯಿಂದ ನೋಡಬೇಕು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಅವರು ಹಳ್ಳಿಹಳ್ಳಿಯ ಮಠ ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಹುಡುಕಿ, ಬಿಚ್ಚಿಸಿ, ಪ್ರತಿ ಮಾಡಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯ ಹೂಡಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ತೆಗೆದರು. ಹಲವು ಪ್ರತಿಗಳು ಕೈಯಲ್ಲಿದ್ದಾಗ ಆಗುವ ಇನ್ನೊಂದು ಉಪಕಾರವನ್ನು ಸಂಪಾದಕರು ಬಲ್ಲರು. ಒಂದು ಕಟ್ಟಿನಲ್ಲಿ ಹುಳು ತಿಂದ ಸಾಲು ಇನ್ನೊಂದರಲ್ಲಿ ಇಡಿಯಾಗಿರುತ್ತದೆ. ಒಬ್ಬ ಲಿಪಿಕಾರ ತೂಕಡಿಸಿ ಬಿಟ್ಟ ಮಾತನ್ನು ಮತ್ತೊಬ್ಬ ಎಚ್ಚರದಿಂದ ಬರೆದಿರುತ್ತಾನೆ. ಕರ್ನಾಟಕ ಸರಕಾರ 1993ರಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದುದು ಇಂತಹ ನೂರಾರು ಕಟ್ಟುಗಳ ಬಲದ ಮೇಲೆ.

ಕಿತ್ತೂರಿನ ಸಂಗತಿಯನ್ನೂ ಇಲ್ಲಿ ಹೇಳಬೇಕು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿತ್ತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿ 2ರಂದು ಲಿಂಗೈಕ್ಯರಾದರು. ಈ ಇತಿಹಾಸ ಬರೆಯಹೊರಟವರು ಹೆಚ್ಚಾಗಿ ಶತ್ರುಪಕ್ಷದ ಕಾಗದಗಳನ್ನೇ ಆಶ್ರಯಿಸಬೇಕಾಗಿದೆ. ಕಂಪನಿ ಸರಕಾರದವರು ಪತ್ರಗಳ ನಕಲು ತೆಗೆದು ಮುಂಬಯಿಯಲ್ಲೊಂದು, ಲಂಡನ್ನಿನಲ್ಲೊಂದು ಇರಿಸುತ್ತಿದ್ದರು. ಹಡಗು ಮುಳುಗೀತೆಂಬ ಭಯಕ್ಕೆ ಒಂದೇ ಪತ್ರದ ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಹಡಗುಗಳಲ್ಲಿ ಕಳಿಸುವ ರೂಢಿ ಅವರಲ್ಲಿತ್ತು. ಸುಟ್ಟು ಕೆಡವಿದ ಅರಮನೆಯ ದಫ್ತರಿಗೆ ಆ ಭಾಗ್ಯವಿರಲಿಲ್ಲ. ಗೆದ್ದವನ ಮಾತು ಉಳಿಯುವುದಕ್ಕೆ ಗೆಲುವಿನಷ್ಟೇ ನಕಲೂ ಕಾರಣವೆಂದು ನಾವು ತಿಳಿದಿದ್ದೇವೆ.

ಇನ್ನು ನಮ್ಮದೇ ಅಪರಾಧದ ಕಥೆ. ಇದನ್ನು ಬರೆಯಲು ಹಲವು ವರ್ಷ ಕೈ ಬಂದಿರಲಿಲ್ಲ. ರಾಮದುರ್ಗ ತಾಲೂಕಿನ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಒಂದು ಮನೆತನದವರ ಬಳಿ ಕೆಂಪು ಅರಿವೆಯಲ್ಲಿ ಸುತ್ತಿದ ಕೈಬರಹದ ವಹಿಯಿತ್ತು. ಆ ಮನೆಯ ಮುತ್ತಜ್ಜ ಭಜನೆಯ ಮೇಳದವರು. ತಾವು ಕೇಳಿದ ಕೈವಲ್ಯಪದ, ತತ್ತ್ವಪದಗಳನ್ನೂ ಜೊತೆಗೆ ಮನೆತನದ ವಂಶಾವಳಿಯನ್ನೂ ಬರೆದಿಟ್ಟಿದ್ದರು. 2006ರಲ್ಲಿ ನಾವು ಆ ವಹಿಯನ್ನು ಎರವಲು ತಂದು, 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿಸಿ, ಮೂಲವನ್ನು ಮರ್ಯಾದೆಯಿಂದ ಹಿಂದಿರುಗಿಸಿದೆವು. ಎರಡು ನೂರಕ್ಕೂ ಮಿಕ್ಕಿದ ಪದಗಳು. ಕಂಪ್ಯೂಟರಿನಲ್ಲಿ ಒಂದು ಪ್ರತಿ, ಸಿ.ಡಿ.ಯಲ್ಲಿ ಇನ್ನೊಂದು. ಪೀಠಿಕೆ ಬರೆದು ಪ್ರಕಟಿಸಬೇಕೆಂಬ ಸಂಕಲ್ಪ ಮುಂದೆ ಮುಂದೆ ಹೋಯಿತು. 2013ರಲ್ಲಿ ಕಂಪ್ಯೂಟರಿನ ಡಿಸ್ಕು ಕೆಟ್ಟಿತು. ಸಿ.ಡಿ. ಇದೆಯಲ್ಲ ಎಂದು ಧೈರ್ಯವಾಗಿ ತೆಗೆದು ನೋಡಿದರೆ ಅದರ ಬೆನ್ನಿನ ಲೇಪ ಮಚ್ಚೆಮಚ್ಚೆಯಾಗಿ ಯಂತ್ರ ಓದಲೊಲ್ಲದು. ಆಗಲೂ ನಾವು ಕಂಗೆಡಲಿಲ್ಲ. ಮೂಲ ವಹಿ ಆ ಮನೆಯಲ್ಲಿ ಕ್ಷೇಮವಾಗಿದೆ, ಬಿಡುವಾದಾಗ ಮತ್ತೆ ಹೋದರಾಯಿತು ಎಂದುಕೊಂಡೆವು. ಬಿಡುವಾಗಲಿಲ್ಲ.

2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ಮಲಪ್ರಭೆ ಹೇಗೆ ಉಕ್ಕಿತೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಎಂ.ಕೆ. ಹುಬ್ಬಳ್ಳಿಯ ಗಂಗಾಂಬಿಕೆಯವರ ಐಕ್ಯಮಂಟಪ ನೀರಿನಲ್ಲಿತ್ತು. ರಾಮದುರ್ಗದ ಓಣಿಗಳಿಗೆ, ಹೊಳೆದಂಡೆಯ ಊರುಗಳ ಮನೆಗಳಿಗೆ ನೀರು ನುಗ್ಗಿತು. ಮಗ್ಗದ ಗುಂಡಿಗಳಲ್ಲಿ ಕೆಸರು ತುಂಬಿತು. ಇಳಿದ ಮೇಲೆ ನಾವು ಆ ಹಳ್ಳಿಗೆ ಹೋದೆವು. ಮಣ್ಣಿನ ಗೋಡೆಯ ಮನೆ ಕುಸಿದಿತ್ತು. ಆ ಮನೆಯ ಅಜ್ಜಿ ಶಾಲೆಯ ಪರಿಹಾರ ಕೇಂದ್ರದಲ್ಲಿದ್ದರು. ನಮ್ಮನ್ನು ಕಂಡವರೇ, "ಶಾಸ್ತ್ರಿಗಳ, ಬಂದ್ರೆ? ಮನಿ ಹೋದರ ಹೋತು, ನಮ್ಮ ಅಜ್ಜನ ವಹಿ ನಿಮ್ಮ ಹಂತೇಕ ಐತೆಲ್ಲ, ಅಷ್ಟ ಸಾಕು" ಎಂದರು. ನಾವು ಏನು ಹೇಳಿದೆವೆಂಬುದನ್ನು ಇಲ್ಲಿ ಬರೆಯಲಾರೆವು.

ಅನಂತರ ಹುಡುಕಾಡಲಾಗಿ, ಬೆರಳಚ್ಚಿನ ತಪ್ಪು ತಿದ್ದಲೆಂದು ಒಬ್ಬ ವಿದ್ಯಾರ್ಥಿಗೆ ಕೊಟ್ಟಿದ್ದ ಕಾಗದದ ಪ್ರತಿಯ ಮೊದಲ ನಲವತ್ತು ಪುಟಗಳು ಅವನ ಟ್ರಂಕಿನಲ್ಲಿ ಸಿಕ್ಕವು. ವಂಶಾವಳಿ ಆ ಪುಟಗಳಲ್ಲಿತ್ತು. ಅದನ್ನು ಮತ್ತೆ ಬರೆಸಿ ಅಜ್ಜಿಗೆ ಮುಟ್ಟಿಸಿದೆವು. ಉಳಿದ ಪದಗಳು ಹೋದವು. ಮೂರು ಪ್ರತಿಗಳಿದ್ದವು, ಒಂದಾದ ಮೇಲೊಂದು ಕಳೆದವು. ಒಂದು ಕಳೆದಾಗ ಕೂಡಲೇ ಅದರ ಸ್ಥಾನದಲ್ಲಿ ಇನ್ನೊಂದನ್ನು ಇಡದಿದ್ದುದು ನಮ್ಮ ಆಲಸ್ಯ. ಹೊಳೆಯನ್ನು ದೂರಿ ಫಲವಿಲ್ಲ.

ಈ ವಿದ್ಯೆಯನ್ನು ಬಲ್ಲವರು ಒಂದು ಲೆಕ್ಕ ಹೇಳುತ್ತಾರೆ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಇದನ್ನು ಪ್ರಚಾರಕ್ಕೆ ತಂದನು. ಪ್ರತಿಗಳು ಮೂರು ಇರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಬೇರೆ ಸ್ಥಳವೆಂದರೆ ಪಕ್ಕದ ಕೋಣೆಯಲ್ಲ, ಅದೇ ಕಟ್ಟಡದ ಮಾಳಿಗೆಯೂ ಅಲ್ಲ. ಕೊರಿಯಾ ದೇಶದ ಸರಕಾರವೇ ಇಲ್ಲಿ ಎಡವಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಬೆಂಕಿ ಹೊತ್ತಿ, ನೌಕರರು ಕಡತಗಳನ್ನು ಇರಿಸುತ್ತಿದ್ದ ಭಂಡಾರವೊಂದು ಸುಟ್ಟುಹೋಯಿತು. 858 ಟೆರಾಬೈಟ್ ಮಾಹಿತಿ ಅದು. ಬೇರೆಡೆ ಪ್ರತಿಯಿರಲಿಲ್ಲ. ಗಾತ್ರ ಬಹಳ ದೊಡ್ಡದೆಂದು ಪ್ರತಿ ಮಾಡಿರಲಿಲ್ಲವಂತೆ! ದೊಡ್ಡದೆಂಬುದೇ ಪ್ರತಿ ಮಾಡದಿರಲು ಕಾರಣವಾದುದು ವಿಚಿತ್ರವಲ್ಲವೇ? ನಮ್ಮ ನಾಡಿನ ಕಂದಾಯ ಇಲಾಖೆ ತಾಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ 'ಭೂ ಸುರಕ್ಷಾ' ಕಾರ್ಯವನ್ನು 2024ರಲ್ಲಿ ಆರಂಭಿಸಿದ್ದು ಒಳ್ಳೆಯದಾಯಿತು. ಪಹಣಿಯ ಹಿಂದಿನ ಪುಟಗಳು ಹರಿದುಹೋದವೆಂದು ಅಣ್ಣತಮ್ಮಂದಿರು ವರ್ಷಾನುಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವುದನ್ನು ನಾವೆಲ್ಲ ಕಂಡಿದ್ದೇವೆ.

ವ್ಯಾಪಾರಿಯ ಸಂಗತಿಗೆ ಮರಳೋಣ. ಅವರ ತಂದೆಯ ಕಾಲದಲ್ಲಿ ಚೀಟಿ, ಕಚ್ಚಾ ಕಿರ್ದಿ, ಪಕ್ಕಾ ಕಿರ್ದಿ, ಖತಾವಣಿ ಎಂದು ಒಂದೇ ವ್ಯವಹಾರ ನಾಲ್ಕು ಕಡೆ ಬರೆಯಲ್ಪಡುತ್ತಿತ್ತು. ಖತಾವಣಿಗೆ ಇಲಿ ಹಲ್ಲು ಹಚ್ಚಿದರೂ ಕಿರ್ದಿಯಿಂದ ಮತ್ತೆ ಕಟ್ಟಬಹುದಿತ್ತು. ಟ್ಯಾಲಿಯಲ್ಲಿ ಒಮ್ಮೆ ಬರೆದರೆ ಎಲ್ಲವೂ ತಾನೇ ಸಿದ್ಧವಾಗುತ್ತದೆ, ಶ್ರಮ ಉಳಿಯುತ್ತದೆ. ಅದರೊಡನೆ ಆ ನಾಲ್ಕು ಪ್ರತಿಗಳೂ ಸದ್ದಿಲ್ಲದೆ ಒಂದಾಗಿಬಿಟ್ಟವು. ಇದನ್ನು ಹೆಚ್ಚಿನವರು ಗಮನಿಸಿಲ್ಲ. ಜಿ.ಎಸ್‌.ಟಿ. ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ಆರು ವರ್ಷ ಒಂದೇ ಡಿಸ್ಕು ಬಾಳೀತೆಂದು ನಂಬುವುದು ಸಾಹಸ. ಆ ವ್ಯಾಪಾರಿಯ ಪುಣ್ಯಕ್ಕೆ ಅವರ ಲೆಕ್ಕಪರಿಶೋಧಕರ ಬಳಿ ಮಾರ್ಚ್ ಕೊನೆಯವರೆಗಿನ ಪ್ರತಿ ದೊರೆಯಿತು. ಅನಂತರದ ತಿಂಗಳುಗಳ ಮಾರಾಟವನ್ನು ಸರಕಾರಕ್ಕೆ ಸಲ್ಲಿಸಿದ ವಿವರಣೆಗಳಿಂದ ಹೆಕ್ಕಿದರು. ಆದರೆ ರೈತರಿಗೆ ಕೊಟ್ಟ ಕೈಗಡ, ಮುಂಗಡಗಳು ಯಾವ ವಿವರಣೆಯಲ್ಲಿಯೂ ಇರುವುದಿಲ್ಲ. ಅವನ್ನು ರೈತರ ಬಾಯಿಂದಲೇ ಕೇಳಿ ಬರೆದುಕೊಂಡರು. ಬಹುತೇಕರು ನಿಜವನ್ನೇ ಹೇಳಿದರೆಂದು ಅವರು ಹೇಳಿದಾಗ ನಮಗೆ ಬಹಳ ಸಂತೋಷವಾಯಿತು.

ಸವದತ್ತಿ ಭಾಗದ ಒಂದು ಪತ್ತಿನ ಸಂಘಕ್ಕೆ ಹೋಗಿದ್ದಾಗ ಕಾರ್ಯದರ್ಶಿಗಳು ಅಭಿಮಾನದಿಂದ ಹೊರಗಿನ ಡಿಸ್ಕೊಂದನ್ನು ತೋರಿಸಿ, ದಿನಂಪ್ರತಿ ಅದರಲ್ಲಿ ಪ್ರತಿ ಇಳಿಯುತ್ತದೆ ಎಂದರು. ಒಮ್ಮೆ ತೆರೆದು ತೋರಿಸಿರೆಂದೆವು. ಕೊನೆಯ ಕಡತಕ್ಕೆ ಏಳು ತಿಂಗಳಾಗಿತ್ತು. ಡಿಸ್ಕು ತುಂಬಿ, ಯಂತ್ರ ಪ್ರತಿದಿನ ಯಾವುದೋ ಸೂಚನೆ ಕೊಡುತ್ತಿತ್ತು. ಗುಮಾಸ್ತರು ಪ್ರತಿದಿನ 'ಓಕೆ' ಒತ್ತಿ ಮನೆಗೆ ಹೋಗುತ್ತಿದ್ದರು. ಸದಸ್ಯರ ಠೇವಣಿಯ ಲೆಕ್ಕ ಇದು, ವಿಧವೆಯರ, ಕೂಲಿಯವರ ಹಣ. ತೆರೆದು ನೋಡದ ಪ್ರತಿ ಪ್ರತಿಯಲ್ಲ. ತಿಂಗಳಿಗೊಮ್ಮೆಯಾದರೂ ಬೇರೊಂದು ಯಂತ್ರದಲ್ಲಿ ಅದನ್ನು ತೆರೆದು, ನಾಲ್ಕು ಖಾತೆಗಳ ಶಿಲ್ಕು ತಾಳೆ ನೋಡಬೇಕು. ಆ ಡಿಸ್ಕನ್ನು ಸದಾಕಾಲ ಯಂತ್ರಕ್ಕೆ ಜೋಡಿಸಿಯೇ ಇಟ್ಟಿದ್ದುದು ಇನ್ನೊಂದು ಪ್ರಮಾದ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪೀಡೆ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು, ಹಣ ಕೊಟ್ಟರೆ ತೆಗೆಯುತ್ತೇವೆ ಎಂದಿತು. ಇಂತಹ ದರೋಡೆ ಜೋಡಿಸಿದ ಡಿಸ್ಕಿಗೂ ಬೀಗ ಹಾಕುತ್ತದೆ. ಪ್ರತಿ ಇಳಿದೊಡನೆ ತಂತಿ ಬಿಡಿಸಿ ತಿಜೋರಿಯಲ್ಲಿಡಬೇಕು. ಸಂಜೆ ಅದು ಬೇರೊಬ್ಬ ನಿರ್ದೇಶಕರ ಮನೆಗೆ ಹೋದರೆ ಇನ್ನೂ ಮೇಲು.

ಮನೆಯ ಮಾತು ಮೊಬೈಲಿನದು. ಮಗನ ಲಗ್ನದ ಚಿತ್ರ, ಮೊಮ್ಮಗಳ ಮೊದಲ ತೊದಲು, ಲಿಂಗೈಕ್ಯರಾದ ತಾಯಿಯ ದನಿ ಎಲ್ಲವೂ ಅಂಗೈಯಗಲದ ಒಂದು ಹಲಗೆಯಲ್ಲಿ. ಕಿತ್ತೂರಿನ ಒಬ್ಬ ಶಿಕ್ಷಕಿ ತಮ್ಮ ತಾಯಿ ಹಾಡಿದ ಬೀಸುವ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿದ್ದರು. ಮೊಬೈಲು ಬಸ್ಸಿನಲ್ಲಿ ಹೋಯಿತು. ಪುಣೆಯ ತಂಗಿಗೆ ಕಳಿಸಿದ್ದ ಮೂರು ಪದಗಳಷ್ಟೇ ಉಳಿದವು. ವಾಟ್ಸ್‌ಆ್ಯಪಿನಲ್ಲಿ ಇದೆಯಲ್ಲ ಎಂದು ಕುಳಿತುಕೊಳ್ಳಬಾರದು. ಅದು ಚಿತ್ರಗಳನ್ನು ಕುಗ್ಗಿಸಿ ಕಳಿಸುತ್ತದೆ. ಆಂಡ್ರಾಯ್ಡ್ ಮೊಬೈಲಿನಲ್ಲಿ ಅದರ ಬ್ಯಾಕಪ್ಪು 2024ರಿಂದ ಗೂಗಲ್ ಉಚಿತವಾಗಿ ಕೊಡುವ 15 ಜಿ.ಬಿ.ಯ ಲೆಕ್ಕದೊಳಗೇ ಸೇರುತ್ತಿದೆ. ಆ ಜಾಗ ತುಂಬಿದರೆ ಹೊಸದು ಇಳಿಯುವುದಿಲ್ಲ. ಮೇಘದಲ್ಲಿ ಇಡುವುದು, ಅಂದರೆ ಕಂಪನಿಗಳ ದೂರದ ಯಂತ್ರಗಳಲ್ಲಿ ಇಡುವುದು, ಬೇರೆ ಸ್ಥಳದ ಪ್ರತಿಯಾಗಿ ಒಳ್ಳೆಯದೇ. ಆದರೆ ಎಷ್ಟೋ ಸಲ ಅದು ಕನ್ನಡಿಯಂತೆ ವರ್ತಿಸುತ್ತದೆ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಮತ್ತೊಂದು ವಿಷಯವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಎರಡು ವರ್ಷ ಬಳಸದ ಖಾಸಗಿ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಯಜಮಾನರು ಲಿಂಗೈಕ್ಯರಾದ ಮೇಲೆ ಅವರ ಖಾತೆಯನ್ನು ಯಾರೂ ತೆರೆಯದಿದ್ದರೆ ಅದರೊಳಗಿನ ಚಿತ್ರಗಳೂ ಹೋದಾವು. ಇಷ್ಟು ದಿನ ಬಳಕೆ ನಿಂತರೆ ಇಂಥವರಿಗೆ ಒಪ್ಪಿಸು ಎಂದು ಮೊದಲೇ ಹೇಳಿಡುವ ಏರ್ಪಾಡು ಆ ಖಾತೆಯಲ್ಲಿಯೇ ಇದೆ. ಮಕ್ಕಳ ಅಂಕಪಟ್ಟಿ ಮೊದಲಾದವುಗಳಿಗೆ ಸರಕಾರದ ಡಿಜಿಲಾಕರ್ ಇದೆ.

ಪೆನ್ ಡ್ರೈವನ್ನು ನಾವು ಕೈಚೀಲವೆಂದು ಎಣಿಸುತ್ತೇವೆ, ಪೆಟ್ಟಿಗೆಯೆಂದಲ್ಲ. ಒಯ್ಯಲು ಸರಿ, ವರ್ಷಗಟ್ಟಲೆ ಇಡಲು ಸಲ್ಲದು. ಎರಡು ಹೊರಡಿಸ್ಕುಗಳಿದ್ದರೆ ಮನೆಗೂ ಅಂಗಡಿಗೂ ಸಾಕು. ನಮ್ಮ ಭಾಗದ ಅಂಗಡಿಕಾರರು ಅಮವಾಸ್ಯೆಯ ಪೂಜೆಯನ್ನು ಮರೆಯುವವರಲ್ಲ. ಅಂದೇ ಒಂದು ಡಿಸ್ಕು ಊರ ಹೊರಗಿನ ಬೀಗರ ಮನೆಗೆ ಹೋಗಿ, ಅಲ್ಲಿದ್ದುದು ಇಲ್ಲಿಗೆ ಬರಲಿ.

ಮಠ, ಸಂಘಸಂಸ್ಥೆಗಳವರಿಗೆ ಇನ್ನೊಂದು ಮಾತು. ಕಡತ ಉಳಿದರಷ್ಟೇ ಸಾಲದು, ಅದನ್ನು ಓದಲೂ ಬರಬೇಕು. ಹಿಂದೆ ನುಡಿ, ಬರಹ, ಶ್ರೀಲಿಪಿಗಳಲ್ಲಿ ಬೆರಳಚ್ಚಾದ ಹಳೆಯ ಕಡತಗಳನ್ನು ಹೊಸ ಯಂತ್ರದಲ್ಲಿ ತೆರೆದರೆ, ಆ ಅಕ್ಷರಶೈಲಿ ಅಲ್ಲಿ ಇಲ್ಲದಾಗ, ಕನ್ನಡವಿದ್ದಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣಿಸುತ್ತದೆ. ಅವನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಒತ್ತಕ್ಷರ, ಅರ್ಕಾವೊತ್ತುಗಳು ತಪ್ಪುವುದುಂಟಾದ್ದರಿಂದ ಬಲ್ಲವರೊಬ್ಬರು ಸಾಲುಸಾಲಾಗಿ ನೋಡಬೇಕು. ಶತಮಾನೋತ್ಸವದ ಸ್ಮರಣಸಂಚಿಕೆಗಳು, ಪುರಾಣದ ಹಸ್ತಪ್ರತಿಗಳು ಹೀಗೆ ಕಡತಗಳಲ್ಲಿ ಮೂಕವಾಗಿ ಬಿದ್ದಿರುವುದು ನಮ್ಮ ಅರಿವಿನಲ್ಲಿದೆ. ಹಾಗೂ ಮುಖ್ಯವಾದುದನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಿಡಲು ಸಂಕೋಚ ಬೇಡ. ನಮ್ಮ ನಲವತ್ತು ಪುಟ ಉಳಿದದ್ದು ಕಾಗದದಿಂದ.

ಆ ಅಜ್ಜಿ ಕಳೆದ ಭೇಟಿಯಲ್ಲಿ ಒಂದು ಸಂಗತಿ ನೆನಪಿಸಿಕೊಂಡರು. ಅವರ ಸೋದರತ್ತೆಯನ್ನು ಸವದತ್ತಿಯ ಕಡೆಗೆ ಕೊಟ್ಟಾಗ, ಹಾಡಿನ ಹುಚ್ಚಿನ ಆ ಹೆಣ್ಣುಮಗಳು ಅಜ್ಜನ ವಹಿಯಿಂದ ಕೆಲವು ಪದಗಳನ್ನು ಬೇರೊಂದು ವಹಿಗೆ ಇಳಿಸಿಕೊಂಡು ಗಂಡನ ಮನೆಗೆ ಒಯ್ದಿದ್ದರಂತೆ. ಊರ ಹೆಸರು ಅವರಿಗೆ ಸರಿಯಾಗಿ ನೆನಪಿಲ್ಲ. ಸವದತ್ತಿ, ಬೈಲಹೊಂಗಲ ಸೀಮೆಯ ಯಾವ ಮನೆಯ ಅಟ್ಟದ ಮೇಲಾದರೂ, ದೇವರ ಜಗುಲಿಯಲ್ಲಾದರೂ, ಹೆಣ್ಣುಮಗಳ ಕೈಬರಹದ ಭಜನೆಯ ವಹಿ ಇದ್ದರೆ ಓದುಗರು ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಬೇಕು. ವಹಿಯನ್ನು ಕಳಿಸಬೇಡಿರಿ, ಅಂಚೆಯಲ್ಲಿ ಹಾಕಲೇಬೇಡಿರಿ. ನಾವೇ ಬಂದು, ನಿಮ್ಮ ಪಡಸಾಲೆಯಲ್ಲಿಯೇ ಕುಳಿತು ಚಿತ್ರ ತೆಗೆದುಕೊಂಡು, ಅದರ ಒಂದು ಪ್ರತಿಯನ್ನು ನಿಮಗೂ ಒಂದನ್ನು ಅಜ್ಜಿಗೂ ಕೊಟ್ಟು ಹೋಗುತ್ತೇವೆ.